ಎಲ್ಲರಿಗೂ ತಿಳಿದ ಮೌನ: ‘ಘಾಚರ್ ಘೋಚರ್’ನಲ್ಲಿ ಮಾತು ಮತ್ತು ಮರುಮಾತು

ಸಂವಹನದ ಬಗ್ಗೆ ಯಾವ ಪಠ್ಯಪುಸ್ತಕ ತೆರೆದರೂ ಮೊದಲ ಅಧ್ಯಾಯದಲ್ಲೇ ಒಂದು ಚಿತ್ರ ಸಿಗುತ್ತದೆ. ಎಡಗಡೆಯ ಚೌಕದಲ್ಲಿ ಹೇಳುವವರು, ಬಲಗಡೆಯ ಚೌಕದಲ್ಲಿ ಕೇಳುವವರು. ನಡುವೆ ಒಂದು ಬಾಣ, ಅದು ಸಂದೇಶ. ಬಾಣಕ್ಕೆ ಅಡ್ಡವಾಗಿ ಅಂಕುಡೊಂಕು ಗೆರೆ, ಅದು ಗದ್ದಲ. ಕೆಳಗೆ ಬಲದಿಂದ ಎಡಕ್ಕೆ ತಿರುಗಿ ಬರುವ ಇನ್ನೊಂದು ಬಾಣ, ಅದು ಹಿಮ್ಮಾಹಿತಿ. ‘ಸಂವಹನಕ್ಕಿರುವ ಅಡೆತಡೆಗಳನ್ನು ವಿವರಿಸಿ’ ಎಂದು ಪರೀಕ್ಷೆಯಲ್ಲಿ ಕೇಳಿದರೆ ವಿದ್ಯಾರ್ಥಿ ಭಾಷೆ, ದೂರ, ಪೂರ್ವಗ್ರಹ, ಅಂತಸ್ತು, ಗಮನವಿಲ್ಲದಿರುವುದು ಎಂದು ಪಟ್ಟಿ ಮಾಡುತ್ತಾನೆ. ಉತ್ತರ ಸರಿಯಾಗಿಯೇ ಇರುತ್ತದೆ.

ಆದರೆ ಈ ಚಿತ್ರದ ಹಿಂದೆ ಯಾರೂ ಬಾಯಿಬಿಟ್ಟು ಹೇಳದ ಒಂದು ನಂಬಿಕೆ ಇದೆ. ಎರಡೂ ಕಡೆಯವರಿಗೆ ಪರಸ್ಪರ ಅರ್ಥವಾಗುವುದು ಬೇಕಾಗಿದೆ, ತೊಂದರೆ ಏನಿದ್ದರೂ ದಾರಿಯಲ್ಲಿದೆ ಎಂಬ ನಂಬಿಕೆ. ದಾರಿ ಶುಚಿ ಮಾಡಿದರೆ ಮಾತು ತಲುಪುತ್ತದೆ, ಮಾತು ತಲುಪಿದರೆ ಒಳ್ಳೆಯದಾಗುತ್ತದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಈ ನಂಬಿಕೆಯನ್ನೇ ಅಲುಗಾಡಿಸುವ ಕೃತಿ. 2013ರಲ್ಲಿ ಕನ್ನಡದಲ್ಲಿ ಬಂದು, ಆಮೇಲೆ ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದದ ಮೂಲಕ ಹೊರಗೂ ಓದುಗರನ್ನು ಪಡೆದ ಈ ಕಿರುಕಾದಂಬರಿಯನ್ನು ಹೆಚ್ಚಿನವರು ಹಣದ ಕತೆಯಾಗಿ ಓದಿದ್ದಾರೆ. ದಿಢೀರನೆ ಬಂದ ಶ್ರೀಮಂತಿಕೆ ಒಂದು ಕೆಳಮಧ್ಯಮವರ್ಗದ ಸಂಸಾರವನ್ನು ಹೇಗೆ ಕೆಡಿಸುತ್ತದೆ ಎಂಬ ಕತೆ. ಆ ಓದು ತಪ್ಪಲ್ಲ. ಆದರೆ ಹಣ ಕೆಡಿಸಿದ್ದು ನಿರ್ದಿಷ್ಟವಾಗಿ ಏನನ್ನು ಎಂದು ಕೇಳಿದರೆ ಉತ್ತರ ಆ ಮನೆಯ ಮಾತುಕತೆಯಲ್ಲಿ ಸಿಗುತ್ತದೆ. ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳದವರಿಂದ ಆ ಮನೆ ಕೆಟ್ಟಿಲ್ಲ. ಅವರು ಒಬ್ಬರನ್ನೊಬ್ಬರು ವಿಪರೀತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ. ಕೃತಿಯ ಭಯ ಇರುವುದು ಅಲ್ಲಿ. (ಇನ್ನೂ ಓದದವರು ಇಲ್ಲಿಗೆ ನಿಲ್ಲಿಸಿ, ಓದಿ ಬಂದರೆ ಒಳ್ಳೆಯದು. ಮುಂದೆ ಕೊನೆಯ ಪುಟದವರೆಗಿನ ಮಾತೂ ಬರುತ್ತದೆ.)

ಮೊದಲು ಆ ಚಿತ್ರ ಬಂದದ್ದೆಲ್ಲಿಂದ ಎಂದು ನೋಡೋಣ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲಿ ಬರೆದ ಪ್ರಬಂಧದಿಂದ. ಶಾನನ್‌ರ ಮುಂದಿದ್ದ ಪ್ರಶ್ನೆ ತಂತಿಯದು, ಮನುಷ್ಯ ಸಂಬಂಧದ್ದಲ್ಲ. ಒಂದು ತುದಿಯಲ್ಲಿ ಆಯ್ದ ಸಂದೇಶವನ್ನು ಇನ್ನೊಂದು ತುದಿಯಲ್ಲಿ ಹೇಗೆ ಆದಷ್ಟೂ ತಪ್ಪಿಲ್ಲದೆ ಮತ್ತೆ ಪಡೆಯುವುದು? ಸಂದೇಶದ ಅರ್ಥಕ್ಕೂ ತಮ್ಮ ಲೆಕ್ಕಕ್ಕೂ ಸಂಬಂಧವಿಲ್ಲ ಎಂದು ಅವರು ಆರಂಭದಲ್ಲೇ ಹೇಳಿಬಿಟ್ಟಿದ್ದರು. ಮರುವರ್ಷ ವಾರೆನ್ ವೀವರ್ ಈ ಲೆಕ್ಕವನ್ನು ಸಾಮಾನ್ಯ ಓದುಗರಿಗೆ ವಿವರಿಸುತ್ತ ಪ್ರಶ್ನೆಯನ್ನು ಮೂರು ಹಂತ ಮಾಡಿದರು: ಸಂಕೇತಗಳು ಸರಿಯಾಗಿ ತಲುಪಿದವೇ, ಉದ್ದೇಶಿಸಿದ ಅರ್ಥ ತಲುಪಿತೇ, ಅದರಿಂದ ಬಯಸಿದ ಪರಿಣಾಮ ಆಯಿತೇ. ಹಿಮ್ಮಾಹಿತಿಯ ಕಲ್ಪನೆಗೆ ದೊಡ್ಡ ಪ್ರಚಾರ ಸಿಕ್ಕಿದ್ದು ಅದೇ 1948ರಲ್ಲಿ ಪ್ರಕಟವಾದ ನಾರ್ಬರ್ಟ್ ವೀನರ್ ಅವರ ‘ಸೈಬರ್ನೆಟಿಕ್ಸ್’ ಪುಸ್ತಕದಿಂದ. ತಂತಿಗಾಗಿ ಬರೆದ ಚಿತ್ರ ಹೀಗೆ ನಿಧಾನವಾಗಿ ಗಂಡಹೆಂಡಿರಿಗೂ ಗುರುಶಿಷ್ಯರಿಗೂ ಅನ್ವಯವಾಗತೊಡಗಿತು.

ಹಿಮ್ಮಾಹಿತಿಯಲ್ಲಿ ಎರಡು ಬಗೆ ಇರುವುದನ್ನು ನೆನಪಿಡಬೇಕು. ಇಸ್ತ್ರಿಪೆಟ್ಟಿಗೆ ಕಾದಾಗ ಅದರೊಳಗಿನ ವ್ಯವಸ್ಥೆ ವಿದ್ಯುತ್ತನ್ನು ತಾನೇ ಕಡಿಯುತ್ತದೆ, ತಣ್ಣಗಾದಾಗ ಮತ್ತೆ ಹರಿಸುತ್ತದೆ. ಹೆಚ್ಚಾದದ್ದನ್ನು ಹೆಚ್ಚಾಯಿತು ಎಂದು ತಿಳಿಸಿ ತಿದ್ದುವ ಹಿಮ್ಮಾಹಿತಿ ಅದು. ಇನ್ನೊಂದು, ಸಭೆಗಳಲ್ಲಿ ಮೈಕು ಸ್ಪೀಕರಿಗೆ ತೀರ ಹತ್ತಿರ ಬಂದಾಗ ಕೇಳುವ ಕಿರುಚು. ಸ್ಪೀಕರಿನ ದನಿಯನ್ನು ಮೈಕು ಹಿಡಿಯುತ್ತದೆ, ಅದು ಇನ್ನಷ್ಟು ಜೋರಾಗಿ ಸ್ಪೀಕರಿನಲ್ಲಿ ಬರುತ್ತದೆ, ಅದನ್ನೂ ಮೈಕು ಹಿಡಿಯುತ್ತದೆ. ಅಲ್ಲಿ ಸಂವಹನಕ್ಕೆ ಯಾವ ಅಡ್ಡಿಯೂ ಇಲ್ಲ. ಎಲ್ಲವೂ ಎಲ್ಲಕ್ಕೂ ತಲುಪುತ್ತಿದೆ. ಹಾಗಾಗಿಯೇ ಸಭೆಯಲ್ಲಿ ಕೂತವರು ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ.

‘ಘಾಚರ್ ಘೋಚರ್’ನ ಮನೆ ಮೊದಲ ಬಗೆಯಿಂದ ಎರಡನೆಯ ಬಗೆಗೆ ಜಾರುವ ಮನೆ. ಕತೆ ಹೇಳುವವನಿಗೆ ಹೆಸರಿಲ್ಲ. ಅಪ್ಪ, ಅಮ್ಮ, ಅಕ್ಕ ಮಾಲತಿ, ಚಿಕ್ಕಪ್ಪ, ಹೆಂಡತಿ ಅನಿತಾ ಅವನ ಸುತ್ತ ಇದ್ದಾರೆ. ಅಪ್ಪ ಚಹಾ ಕಂಪನಿಯೊಂದರ ಮಾರಾಟಗಾರನಾಗಿದ್ದ ದಿನಗಳಲ್ಲಿ ಬೆಂಗಳೂರಿನ ಸಣ್ಣ ಮನೆಯಲ್ಲಿ ಎಲ್ಲರಿಗೂ ಎಲ್ಲರ ಖರ್ಚು ಗೊತ್ತು. ಅಪ್ಪನ ದಿನದ ಲೆಕ್ಕ ತಾಳೆಯಾಗದೆ ಹೋದ ಒಂದು ಸಂಜೆ ಇಡೀ ಸಂಸಾರ ಕಾಗದಗಳ ಮೇಲೆ ಬಗ್ಗುತ್ತದೆ. ಎಲ್ಲರಿಗೂ ಆತಂಕ, ಎಲ್ಲರದೂ ಒಂದೇ ಕೆಲಸ. ಆ ದೃಶ್ಯದಲ್ಲಿ ಬಡತನದ ಹೊಗಳಿಕೆ ಇಲ್ಲ. ಇರುವುದು ಒಂದು ಸರಳ ಸಂಗತಿ: ಅಲ್ಲಿ ತಪ್ಪು ಎಂಬುದಕ್ಕೆ ಗುರುತಿತ್ತು. ಕೂಡಿದ ಮೊತ್ತ ಸರಿಬರದಿದ್ದರೆ ಸರಿಬರಲಿಲ್ಲ, ಅಷ್ಟೇ. ಹೊರಗಿನ ಜಗತ್ತು ದಿನವೂ ಆ ಮನೆಗೆ ಉತ್ತರ ಕೊಡುತ್ತಿತ್ತು.

ಅಪ್ಪನ ಕೆಲಸ ಹೋಗಿ, ಆ ಹಣದ ಬಲದಿಂದ ಚಿಕ್ಕಪ್ಪ ಸೋನಾ ಮಸಾಲಾ ಎಂಬ ವ್ಯಾಪಾರ ಕಟ್ಟಿದ ಮೇಲೆ ಆ ಉತ್ತರ ನಿಂತುಹೋಗುತ್ತದೆ. ದೊಡ್ಡ ಮನೆ, ಬೇರೆಬೇರೆ ಕೋಣೆ. ದುಡಿಯುವವನು ಚಿಕ್ಕಪ್ಪ ಒಬ್ಬನೇ. ನಿರೂಪಕ ಹೆಸರಿಗೆ ಕಂಪನಿಯ ನಿರ್ದೇಶಕ, ಕೆಲಸವಿಲ್ಲದೆ ಸಂಬಳ ಬರುತ್ತದೆ. ಚಿಕ್ಕಪ್ಪನಿಗೆ ಬೇಸರವಾಗಬಾರದು ಎಂಬುದು ಯಾರೂ ಬರೆಯದ, ಎಲ್ಲರೂ ಪಾಲಿಸುವ ಶಾಸನ. ಅವನ ಊಟ, ನಿದ್ದೆ, ಮೂಡು ಎಲ್ಲದಕ್ಕೂ ಮನೆ ಹೊಂದಿಕೊಳ್ಳುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಈ ಶಾಸನವನ್ನು ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ ಎಂಬುದು. ಒಬ್ಬರ ನೋಟ ಇನ್ನೊಬ್ಬರಿಗೆ ತಿಳಿಯುತ್ತದೆ. ಯಾವ ಮಾತು ಬಂದಾಗ ವಿಷಯ ಬದಲಿಸಬೇಕು, ಯಾವಾಗ ಎದ್ದು ಒಳಗೆ ಹೋಗಬೇಕು ಎಂಬುದು ಎಲ್ಲರಿಗೂ ಗೊತ್ತು. ಪಠ್ಯಪುಸ್ತಕದ ಅಳತೆಯಲ್ಲಿ ಇದು ಆದರ್ಶ ಸಂವಹನ. ಮೊದಲ ಹಂತ, ಎರಡನೆಯ ಹಂತ, ಮೂರನೆಯ ಹಂತ ಮೂರೂ ದಾಟಿದೆ. ‘ಹೇಳದೆಯೇ ಅರ್ಥವಾಗುವ ಸಂಸಾರ’ ಎಂದು ನಾವು ಮೆಚ್ಚಿ ಹೇಳುವುದು ಇಂಥದ್ದನ್ನೇ. ಆದರೆ ಈ ಮನೆಯಲ್ಲಿ ಒಬ್ಬರು ಇನ್ನೊಬ್ಬರಿಗೆ ಕೊಡುವ ಹಿಮ್ಮಾಹಿತಿ ಒಂದೇ: ಹೌದು, ಸರಿಯಾಗಿದೆ, ಹೀಗೆಯೇ ಇರಲಿ. ಮೈಕೂ ಸ್ಪೀಕರೂ ಹತ್ತಿರ ಬಂದಿವೆ.

ಈ ಮನೆಗೆ ಅನಿತಾ ಸೊಸೆಯಾಗಿ ಬರುತ್ತಾಳೆ. ಹೈದರಾಬಾದಿನಲ್ಲಿ ಬೆಳೆದವಳು, ಅಧ್ಯಾಪಕರ ಮಗಳು. ಅನಿಸಿದ್ದನ್ನು ಅನಿಸಿದಾಗ ಆಡುವವಳು. ಗಂಡನಿಗೆ ನಿಜವಾದ ಕೆಲಸವೇ ಇಲ್ಲ ಎಂದು ತಿಳಿದಾಗ ಅವಳು ಅದನ್ನು ಗುಟ್ಟಾಗಿ ನುಂಗುವುದಿಲ್ಲ, ಕೇಳುತ್ತಾಳೆ. ಅವಳ ಮಾತಿನಲ್ಲಿ ಅಸ್ಪಷ್ಟತೆ ಇಲ್ಲ. ಭಾಷೆಯ ತೊಡಕಿಲ್ಲ. ಕೇಳುವವರಿಗೆ ಗಮನದ ಕೊರತೆಯೂ ಇಲ್ಲ, ಅವಳ ಒಂದೊಂದು ಮಾತನ್ನೂ ಅವರು ಎಚ್ಚರದಿಂದ ಕೇಳಿಸಿಕೊಳ್ಳುತ್ತಾರೆ. ಪಟ್ಟಿಯಲ್ಲಿರುವ ಒಂದು ಅಡೆತಡೆಯೂ ಇಲ್ಲದಿರುವಾಗ ಅವಳ ಮಾತು ಏಕೆ ತಲುಪುವುದಿಲ್ಲ? ಏಕೆಂದರೆ ಆ ಮನೆಯ ಜಾಲದಲ್ಲಿ ಸ್ಪಷ್ಟವಾದ ಮಾತೇ ಗದ್ದಲ. ಶಾನನ್‌ರ ಚಿತ್ರದಲ್ಲಿ ಗದ್ದಲ ಹೊರಗಿನಿಂದ ಬರುತ್ತದೆ, ಯಾರದೂ ಅಲ್ಲ. ಶಾನಭಾಗರ ಮನೆಯಲ್ಲಿ ಗದ್ದಲಕ್ಕೆ ಒಂದು ಹೆಸರಿದೆ, ಒಂದು ಕೋಣೆಯಿದೆ, ಅವಳು ಸೊಸೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಾವು ಆಡುವವರಿಗೆ ಎಚ್ಚರಿಕೆಯಾಗಿ ಹೇಳುತ್ತ ಬಂದಿದ್ದೇವೆ. ಕೇಳುವವರು ಆ ಮಾತನ್ನು ಎತ್ತಿಟ್ಟುಕೊಂಡು ಏನು ಮಾಡುತ್ತಾರೆ ಎಂಬುದರ ಬಗ್ಗೆ ಗಾದೆ ಸುಮ್ಮನಿದೆ.

ಇದು ಬಿಚ್ಚಿಕೊಳ್ಳುವುದು ತುವ್ವಿಯ ಪ್ರಸಂಗದಲ್ಲಿ. ಒಂದು ದಿನ ಹೆಂಗಸೊಬ್ಬಳು ಚಿಕ್ಕಪ್ಪನನ್ನು ಕೇಳಿಕೊಂಡು ಮನೆಬಾಗಿಲಿಗೆ ಬರುತ್ತಾಳೆ. ಅವನಿಗಾಗಿ ಡಬ್ಬಿಯಲ್ಲಿ ಅಡುಗೆ ತಂದಿದ್ದಾಳೆ. ತಾನು ತುವ್ವಿ ಎನ್ನುತ್ತಾಳೆ. ಅದು ಇಬ್ಬರ ನಡುವೆ ಮಾತ್ರ ಓಡಾಡುತ್ತಿದ್ದ ಹೆಸರು ಎಂದು ಕೇಳಿದ ಕೂಡಲೇ ತಿಳಿಯುತ್ತದೆ. ಚಿಕ್ಕಪ್ಪ ಒಳಗಿದ್ದಾನೆ, ಹೊರಗೆ ಬರುವುದಿಲ್ಲ. ಅಮ್ಮ ಮತ್ತು ಮಾಲತಿ ಅವಳನ್ನು ಬಾಯಿಗೆ ಬಂದಂತೆ ಬೈದು ಓಡಿಸುತ್ತಾರೆ. ತಂದ ಅಡುಗೆ ನೆಲದ ಪಾಲಾಗುತ್ತದೆ. ಇಲ್ಲಿ ಯಾರೂ ಯಾರಿಗೂ ಅಪ್ಪಣೆ ಕೊಡಲಿಲ್ಲ. ಚಿಕ್ಕಪ್ಪ ಒಂದೇ ಒಂದು ಕೆಲಸ ಮಾಡಿದ, ಸುಮ್ಮನಿದ್ದ. ಆ ಸುಮ್ಮನಿರುವಿಕೆಯನ್ನು ಮನೆಯ ಹೆಂಗಸರು ಅಕ್ಷರಶಃ ಓದಿಕೊಂಡರು. ತುವ್ವಿಯೂ ಓದಿಕೊಂಡಳು. ಅದನ್ನು ಓದಲು ಒಪ್ಪದವಳು ಅನಿತಾ ಒಬ್ಬಳೇ. ಬಂದವಳು ಕೇಳಿದ್ದು ಅವನನ್ನು, ಉತ್ತರ ಕೊಡಬೇಕಾದವನು ಅವನು ಎಂಬ ಸರಳ ನ್ಯಾಯ ಅವಳದು. ಮಾತನ್ನು ಕಳಿಸಿದವರಿಗೂ ಪಡೆಯಬೇಕಾದವರಿಗೂ ನಡುವೆ ಒಂದು ಸಂಸಾರವೇ ಅಡ್ಡ ನಿಂತಾಗ ಅದನ್ನು ಯಾವ ಬಗೆಯ ಅಡೆತಡೆ ಎಂದು ಕರೆಯುವುದು? ಅಂಥದ್ದಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ. ನಮ್ಮ ರೂಢಿಯಲ್ಲಿ ಅದಕ್ಕೆ ಮರ್ಯಾದೆ ಎಂದು ಹೆಸರು.

ಕೃತಿಯ ಶೀರ್ಷಿಕೆಯೂ ತುವ್ವಿ ಎಂಬ ಹೆಸರಿನ ಹಾಗೆಯೇ ಒಂದು ಖಾಸಗಿ ಮಾತು. ಚಿಕ್ಕಂದಿನಲ್ಲಿ ಗಾಳಿಪಟದ ದಾರ ಬಿಡಿಸಲಾಗದಂತೆ ಸಿಕ್ಕುಹಾಕಿಕೊಂಡಾಗ ಅನಿತಾ ಮತ್ತು ಅವಳ ತಮ್ಮ ಕಟ್ಟಿಕೊಂಡ ಪದ ಅದು. ಯಾವ ನಿಘಂಟಿನಲ್ಲೂ ಇಲ್ಲ. ಮದುವೆಯಾದ ಹೊಸತರಲ್ಲಿ ಅವಳು ಅದನ್ನು ಗಂಡನಿಗೆ ಕೊಡುತ್ತಾಳೆ. ಕೊಡುತ್ತಾಳೆ ಎಂದೇ ಹೇಳಬೇಕು, ಏಕೆಂದರೆ ಮನೆಮಂದಿಯ ನಡುವಿನ ಗುಟ್ಟಿನ ಪದ ಹಂಚಿಕೊಳ್ಳುವುದು ಒಳಗೆ ಕರೆದುಕೊಂಡಂತೆ. ಸಂವಹನಕ್ಕೆ ಇಬ್ಬರ ಅನುಭವದ ವಲಯಗಳು ಎಲ್ಲಾದರೂ ಒಂದರ ಮೇಲೊಂದು ಬರಬೇಕು ಎಂದು ವಿಲ್ಬರ್ ಶ್ರಾಮ್ 1954ರಲ್ಲಿ ಹೇಳಿದ್ದರು. ಇಡೀ ಕೃತಿಯಲ್ಲಿ ಗಂಡಹೆಂಡಿರ ವಲಯಗಳು ನಿಜವಾಗಿ ಕೂಡುವುದು ಈ ಎರಡು ಅರ್ಥಹೀನ ಪದಗಳಲ್ಲಿ ಮಾತ್ರ. ಆ ಪದ ಹುಟ್ಟಿದ್ದು ಸಿಕ್ಕಿನಿಂದ ಎಂಬುದರಲ್ಲಿ ವ್ಯಂಗ್ಯವಿದೆ. ಇನ್ನೂ ಒಂದು ಸೊಗಸಿದೆ. ಅನುವಾದದಲ್ಲಿ ಸಾಮಾನ್ಯವಾಗಿ ಮೂಲ ಭಾಷೆಯವರು ಒಳಗೆ, ಬೇರೆಯವರು ಹೊರಗೆ. ಇಲ್ಲಿ ಕನ್ನಡದ ಓದುಗನೂ ಇಂಗ್ಲಿಷಿನ ಓದುಗನೂ ಒಂದೇ ಹೊಸ್ತಿಲಲ್ಲಿ ನಿಂತು, ಅನಿತಾ ವಿವರಿಸುವ ತನಕ ಕಾಯಬೇಕು.

ಕನ್ನಡದ ಓದುಗನಿಗೆ ಮಾತ್ರ ಎದುರಾಗುವ ತೊಡಕು ಬೇರೊಂದು ಪದದಲ್ಲಿದೆ, ತೀರ ಸಾಧಾರಣವಾದ ‘ನಾವು’ ಎಂಬುದರಲ್ಲಿ. ತೆಲುಗಿನಲ್ಲಿ ಕೇಳುವವರನ್ನೂ ಸೇರಿಸಿಕೊಂಡ ನಾವು ‘ಮನಂ’, ಅವರನ್ನು ಬಿಟ್ಟು ನಾವು ‘ಮೇಮು’. ತಮಿಳಿನಲ್ಲೂ ಇಂಥ ಎರಡು ಪದಗಳಿವೆ. ಇಂದಿನ ಕನ್ನಡದಲ್ಲಿ ಎರಡಕ್ಕೂ ಒಂದೇ ನಾವು. ನಿರೂಪಕ ಕತೆಯುದ್ದಕ್ಕೂ ನಮ್ಮ ಮನೆ, ನಮ್ಮ ಸಂಸಾರ, ನಾವು ಎನ್ನುತ್ತಾನೆ. ಆ ನಾವುವಿನಲ್ಲಿ ಅನಿತಾ ಇದ್ದಾಳೆಯೇ? ವ್ಯಾಕರಣ ಹೇಳುವುದಿಲ್ಲ. ಪ್ರತಿ ವಾಕ್ಯದಲ್ಲೂ ಓದುಗನೇ ತೀರ್ಮಾನಿಸಬೇಕು. ಮೊದಲು ಅನುಮಾನದ ಲಾಭ ಕೊಟ್ಟು ಅವಳನ್ನು ಸೇರಿಸಿಕೊಂಡೇ ಓದುತ್ತೇವೆ. ಪುಟ ಸರಿದಂತೆ ನಾವು ಚಿಕ್ಕದಾಗುತ್ತ ಹೋಗುತ್ತದೆ. ಅನಿತಾ ತವರಿಗೆ ಹೋದ ದಿನಗಳಲ್ಲಿ ಮನೆಯವರು ಹಗುರಾಗಿ, ನಗುತ್ತ, ಕೊಲೆಗಳ ಬಗ್ಗೆ ಹರಟೆ ಹೊಡೆಯುವ ಹೊತ್ತಿಗೆ ಆ ನಾವುವಿನ ಗಡಿ ಎಲ್ಲಿದೆ ಎಂಬುದು ಗೊತ್ತಾಗಿಬಿಟ್ಟಿರುತ್ತದೆ. ಹಿಂದಿನ ಮನೆಯಲ್ಲಿ ಇರುವೆಗಳ ವಿರುದ್ಧ ಅಮ್ಮ ಮಕ್ಕಳು ಸೇರಿ ನಡೆಸುತ್ತಿದ್ದ ಯುದ್ಧವೂ ಆಗ ನೆನಪಾಗದೆ ಇರದು.

ಇನ್ನು ವಿನ್ಸೆಂಟ್. ನಿರೂಪಕ ದಿನವೂ ಹೋಗಿ ಕೂರುವ ಕಾಫಿ ಹೌಸಿನ ಮಾಣಿ. ಅವನು ಆಡುವುದು ಒಂದೆರಡು ಮಾತು, ಯಾರಿಗೆ ಬೇಕಾದರೂ ಯಾವಾಗ ಬೇಕಾದರೂ ಹೇಳಬಹುದಾದ ಮಾತು. ನಿರೂಪಕನಿಗೆ ಅದು ದೈವವಾಣಿ. ತನ್ನ ಸಂಕಟಕ್ಕೆ ಸರಿಯಾಗಿ ಅಳೆದು ಕೊಟ್ಟ ಉತ್ತರ ಎಂದೇ ಅವನು ನಂಬುತ್ತಾನೆ. ಕಳಿಸಿದ್ದಕ್ಕಿಂತ ಹೆಚ್ಚು ಪಡೆಯುವ ಈ ಬಗೆಯನ್ನು ವಿವರಿಸಲು ನಮ್ಮ ಕಾವ್ಯಮೀಮಾಂಸೆ ಹೆಚ್ಚು ನೆರವಾಗುತ್ತದೆ. ತೀನಂಶ್ರೀ ಅವರ ‘ಭಾರತೀಯ ಕಾವ್ಯಮೀಮಾಂಸೆ’ ಓದಿದವರಿಗೆ ಸಹೃದಯ ಎಂಬ ಪದ ಹೊಸತಲ್ಲ. ಹೇಳುವವನಷ್ಟೇ ಕೇಳುವವನಿಗೂ ಯೋಗ್ಯತೆ ಬೇಕು ಎಂಬುದು ಆ ಪರಂಪರೆಯ ಮೂಲ ನಿಲುವು. ಕಾಶ್ಮೀರದ ಅಭಿನವಗುಪ್ತ ಭರತನ ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ರಸಾನುಭವಕ್ಕೆ ಏಳು ವಿಘ್ನಗಳನ್ನು ಹೇಳುತ್ತಾನೆ. ಪ್ರಯೋಗ ನಂಬುವಂತಿಲ್ಲದಿರುವುದು, ಸ್ಪಷ್ಟತೆ ಇಲ್ಲದಿರುವುದು, ಸಂದೇಹ ಉಳಿಯುವುದು ಇವೆಲ್ಲ ಅದರಲ್ಲಿ ಬರುತ್ತವೆ. ಆದರೆ ಆಧುನಿಕ ಪಟ್ಟಿಗಳಲ್ಲಿ ಇಷ್ಟು ನೇರವಾಗಿ ಸಿಗದ ಒಂದು ವಿಘ್ನ ಅಲ್ಲಿದೆ: ನಿಜಸುಖಾದಿವಿವಶೀಭಾವ. ತನ್ನದೇ ಸುಖದುಃಖಗಳಿಗೆ ಪೂರ್ತಿ ವಶವಾಗಿರುವುದು. ಅಂಥವನ ಮುಂದೆ ಎಂಥ ನಾಟಕ ನಡೆದರೂ ಅವನು ನೋಡುವುದು ತನ್ನನ್ನೇ.

ನಿರೂಪಕ ವಿನ್ಸೆಂಟನ ಮುಂದೆ ಕೂತದ್ದು ಈ ಸ್ಥಿತಿಯಲ್ಲಿ. ಬರೀ ಅವನ ಮುಂದೆ ಅಲ್ಲ. ಅನಿತಾಳಿಗಿಂತ ಮುಂಚೆ ಚಿತ್ರಾ ಎಂಬವಳೊಡನೆ ಅವನಿಗೆ ಸ್ನೇಹವಿತ್ತು. ಹೆಂಗಸರ ಪರವಾಗಿ ದುಡಿಯುವ ಸಂಸ್ಥೆಯಲ್ಲಿದ್ದ ಚಿತ್ರಾ ದಿನವೂ ತಾನು ಕಂಡ ಹಿಂಸೆಯ ಸಂಗತಿಗಳನ್ನು ಇದೇ ಕಾಫಿ ಹೌಸಿನಲ್ಲಿ ಕೂತು ಅವನಿಗೆ ಹೇಳುತ್ತಿದ್ದಳು. ಅವನು ಕೇಳಿದ. ಆಮೇಲೆ ಒಂದು ದಿನ ಕಾರಣ ಹೇಳದೆ ಭೇಟಿಯಾಗುವುದನ್ನೇ ನಿಲ್ಲಿಸಿದ. ಹೆಂಗಸರು ಅವನಿಗೆ ನೇರವಾಗಿ, ವಿವರವಾಗಿ, ಸಿಟ್ಟಿನಿಂದ ಹೇಳಿದ್ದು ಯಾವುದೂ ಒಳಗಿಳಿಯಲಿಲ್ಲ. ಮಾಣಿಯ ಅರ್ಧ ಮಾತು ಮಾತ್ರ ವೇದವಾಯಿತು. ಏಕೆಂದರೆ ಅರ್ಧ ಮಾತಿಗೆ ತನಗೆ ಬೇಕಾದ ಅರ್ಥ ತುಂಬಬಹುದು. ಪೂರ್ತಿ ಮಾತಿಗೆ ಉತ್ತರ ಕೊಡಬೇಕಾಗುತ್ತದೆ.

ಕೊನೆಯಲ್ಲಿ ಅವನು ಅದೇ ಕಾಫಿ ಹೌಸಿನಲ್ಲಿ ಕಾಯುತ್ತಿರುತ್ತಾನೆ. ಊರಿಂದ ಮರಳಿ ಬರಬೇಕಾದ ಅನಿತಾಳಿಂದ ಸುದ್ದಿಯಿಲ್ಲ. ಏನಾಗಿದೆ ಎಂದು ಕೃತಿ ಹೇಳುವುದಿಲ್ಲ. ಅವನ ಕೈಗೆ ರಕ್ತವಾಗಿದೆ, ತೊಳೆದುಕೊಳ್ಳುವುದು ಒಳ್ಳೆಯದು ಎಂದು ವಿನ್ಸೆಂಟ್ ಸೂಚಿಸುತ್ತಾನೆ. ಕತೆಯುದ್ದಕ್ಕೂ ಅವನ ಸಾಧಾರಣ ಮಾತಿಗೆ ದೊಡ್ಡ ಅರ್ಥ ಕಟ್ಟುವ ನಿರೂಪಕನನ್ನು ನೋಡಿ ಮನಸ್ಸಿನಲ್ಲೇ ನಕ್ಕಿದ್ದ ಓದುಗ ಇಲ್ಲಿ ತಾನೇ ಆ ಕೆಲಸ ಮಾಡುತ್ತಾನೆ. ಕೈಯ ರಕ್ತ ಎಂದರೆ ಬರೀ ಗಾಯವೇ ಎಂದು ಕೇಳಿಕೊಳ್ಳುತ್ತಾನೆ. ಹಿಂದಿನ ಪುಟಗಳ ಇರುವೆ, ಡಬ್ಬಿ, ಹರಟೆ, ಮೌನ ಎಲ್ಲವನ್ನೂ ಜೋಡಿಸುತ್ತಾನೆ. ಆ ಮನೆಯ ಸಂಕೇತಭಾಷೆಯನ್ನು ನೂರು ಪುಟದಲ್ಲಿ ನಾವು ಎಷ್ಟು ಚೆನ್ನಾಗಿ ಕಲಿತಿದ್ದೇವೆ ಎಂದರೆ, ಯಾರೂ ಹೇಳದಿದ್ದರೂ ನಮಗೆ ಅರ್ಥವಾಗಿಬಿಡುತ್ತದೆ. ಹೇಳದೆಯೇ ಅರ್ಥವಾಯಿತು ಎಂದರೆ ನಾವೂ ಆ ಸಂಸಾರದ ಒಳಗೆ ಸೇರಿದೆವು ಎಂದೇ.

ಈ ಕಲೆಗಾರಿಕೆಯ ಬಗ್ಗೆ ಒಂದು ತಕರಾರನ್ನೂ ದಾಖಲಿಸಬೇಕು. ಎಲ್ಲವೂ ನಿರೂಪಕನ ಕಿವಿಯ ಮೂಲಕವೇ ಬರುವುದರಿಂದ ಅನಿತಾ ನಮಗೆ ಸಿಗುವುದು ಸಿಟ್ಟಿನ ಕ್ಷಣಗಳಲ್ಲಿ. ಅವಳು ಒಂಟಿಯಾಗಿರುವಾಗ ಏನು, ತಾಯಿಗೆ ಫೋನಿನಲ್ಲಿ ಏನು ಹೇಳುತ್ತಿದ್ದಳು, ಈ ಮನೆಯಲ್ಲಿ ಯಾವುದಾದರೂ ಅವಳಿಗೆ ಇಷ್ಟವಾಗಿತ್ತೇ, ತಿಳಿಯುವುದಿಲ್ಲ. ವಿನ್ಸೆಂಟನ ಸ್ಥಿತಿ ಇನ್ನೂ ಬಡ. ಅವನಿಗೆ ಮನೆಯಿದೆಯೇ, ಅವನ ಮಾತಿನ ಹಿಂದೆ ಅವನದೊಂದು ಬದುಕಿದೆಯೇ ಎಂದು ನಿರೂಪಕ ಕೇಳುವುದಿಲ್ಲ, ಕೃತಿಯೂ ಕೇಳುವುದಿಲ್ಲ. ನಿರೂಪಕನ ಕುರುಡನ್ನು ತೋರಿಸಲು ಅದು ಅಗತ್ಯ ಎಂಬ ಸಮರ್ಥನೆ ಅನಿತಾಳ ಮಟ್ಟಿಗೆ ನನಗೆ ಒಪ್ಪಿಗೆ. ಅವಳ ಬಗ್ಗೆ ತಿಳಿಯದಿರುವುದು ನಮ್ಮನ್ನು ಚುಚ್ಚುತ್ತದೆ. ವಿನ್ಸೆಂಟನ ವಿಷಯದಲ್ಲಿ ಹಾಗೆ ಚುಚ್ಚುವುದಿಲ್ಲ, ಅವನು ಜಾಣ ಉಪಾಯವಾಗಿಯೇ ಉಳಿಯುತ್ತಾನೆ. ಮಾಲೀಕನ ಮನೆಯ ಮೌನವನ್ನು ಇಷ್ಟು ಸೂಕ್ಷ್ಮವಾಗಿ ಆಲಿಸುವ ಕೃತಿ ಮಾಣಿಯ ಮೌನವನ್ನು ಅಲಂಕಾರವಾಗಿ ಬಿಟ್ಟಿತಲ್ಲ ಎಂಬ ಕೊರತೆ ಉಳಿಯುತ್ತದೆ.

ಆದರೂ ಸಂವಹನ ಓದುವ ವಿದ್ಯಾರ್ಥಿಗಳಿಗೆ ಈ ಕೃತಿ ಪಠ್ಯವಾಗಬೇಕು ಎನಿಸುತ್ತದೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಆ ಬಾಣಗಳ ಚಿತ್ರವೂ ಪಠ್ಯವಾಗಬೇಕು. ಚಿತ್ರ ನೋಡಿದವರು ಕೇಳುವ ಪ್ರಶ್ನೆ, ಮಾತು ತಲುಪಿತೇ ಎಂಬುದು. ಕೃತಿ ಓದಿದವರು ಅದರ ಜೊತೆಗೆ ಇನ್ನೊಂದನ್ನು ಕೇಳುತ್ತಾರೆ: ಈ ಮನೆಯಲ್ಲಿ, ಈ ಕಚೇರಿಯಲ್ಲಿ, ಈ ಗೆಳೆಯರ ಗುಂಪಿನಲ್ಲಿ ‘ಇದು ಸರಿಯಲ್ಲ’ ಎಂಬ ಮಾತು ಯಾರಿಂದ ಬರುತ್ತಿದೆ, ಅದನ್ನು ನಾವು ಏನೆಂದು ಕರೆಯುತ್ತಿದ್ದೇವೆ? ಜಗಳಗಂಟಿ, ಹೊರಗಿನವಳು, ತಿಳಿವಳಿಕೆ ಸಾಲದವಳು ಎಂಬ ಹೆಸರುಗಳು ಸಿದ್ಧವಾಗಿಯೇ ಇರುತ್ತವೆ. ಅಪ್ಪನ ಹಳೆಯ ಲೆಕ್ಕದ ಕಾಗದದಲ್ಲಿ ತಾಳೆಯಾಗದ ಮೊತ್ತವೊಂದಿದ್ದಾಗ ಯಾರೂ ಮೊತ್ತವನ್ನು ಬೈಯಲಿಲ್ಲ. ಎಲ್ಲರೂ ಕೂತು ಮತ್ತೆ ಕೂಡಿ ನೋಡಿದರು.